ಸೋಮೇಶ್ವರದ ಸುಲೋಚನೆ: ಒಂದು ಚಿತ್ರಪಟದ ಪ್ರೇತವಿಚಾರ

ಭರತಮುನಿಯು ಒಂದೊಂದು ರಸಕ್ಕೂ ಒಬ್ಬೊಬ್ಬ ಅಧಿದೇವತೆಯನ್ನು ಹೇಳಿರುವನಷ್ಟೆ. ಶೃಂಗಾರಕ್ಕೆ ವಿಷ್ಣು, ವೀರಕ್ಕೆ ಮಹೇಂದ್ರ ಎಂಬಿವು ಎಲ್ಲರಿಗೂ ಒಪ್ಪಿಗೆಯಾಗುವ ಮಾತುಗಳು. ಆದರೆ ಹಾಸ್ಯಕ್ಕೆ ದೇವತೆ ಯಾರೆಂದು ಕೇಳಿದರೆ ಅಲ್ಲಿ ಬರುವ ಉತ್ತರವು ಮೊದಲಬಾರಿಗೆ ಓದುವವನನ್ನು ಚಕಿತಗೊಳಿಸತಕ್ಕುದು. ಹಾಸ್ಯದ ದೇವತೆ ಪ್ರಮಥ. ಎಂದರೆ ಶಿವನ ಬೆನ್ನ ಹಿಂದೆ ಕುಣಿಯುವ ಭೂತಗಣ. ಇನ್ನು ಯಮನಾದರೋ, ಭಯಾನಕಕ್ಕೆ ಅಧಿದೇವತೆಯಾಗಿರಬಹುದೆಂದು ಎಣಿಸಿದರೆ ಹಾಗಿಲ್ಲ, ಅಲ್ಲಿ ಕಾಲನಿದ್ದಾನೆ. ಯಮನಿಗೆ ಕೊಟ್ಟಿರುವುದು ಕರುಣರಸವನ್ನು. ಭೂತವು ನಗಿಸುವುದು, ಯಮನು ಅಳಿಸುವುದು ಎಂಬ ಈ ವಿಭಾಗವು ಪಾಠಶಾಲೆಯಲ್ಲಿ ಕಂಠಪಾಠಕ್ಕೆ ಮಾತ್ರ ಒದಗಿದ ಒಣ ವಿಚಾರವೆಂದು ತಿಳಿದವರು ‘ಸು ಫ್ರಮ್ ಸೋ’ ಎಂಬ ಕನ್ನಡ ಚಿತ್ರಪಟವನ್ನು ಒಮ್ಮೆ ನೋಡಬೇಕು. ಮುನಿಯ ವಿಭಾಗವು ಎಷ್ಟು ನಿಜವೆಂಬುದು ಅಲ್ಲಿ ಕಣ್ಣಿಗೆ ಕಟ್ಟುವಂತೆ ತೋರುತ್ತದೆ. ಚಿತ್ರವು ಗೆದ್ದಿರುವುದೂ ಎಡವಿರುವುದೂ ಈ ಎರಡು ದೇವತೆಗಳ ನಡುವಿನ ದಾರಿಯಲ್ಲಿಯೇ.

ಈ ಚಿತ್ರವು ೨೦೨೫ನೆಯ ಇಸವಿಯ ಜುಲೈ ೨೫ರಂದು ತೆರೆಗೆ ಬಂದಿತು. ಕಥೆಯನ್ನು ಬರೆದು ನಿರ್ದೇಶಿಸಿದವರು ಜೆ. ಪಿ. ತುಮಿನಾಡು. ನಾಯಕನಾದ ಅಶೋಕನ ಪಾತ್ರವನ್ನು ವಹಿಸಿದವರೂ ಅವರೇ. ನಿರ್ಮಾಪಕರಲ್ಲೊಬ್ಬರಾದ ರಾಜ್ ಬಿ. ಶೆಟ್ಟಿಯವರು ಕರುಣಾಕರ ಗುರೂಜಿಯೆಂಬ ಮಂತ್ರವಾದಿಯಾಗಿ ಕಾಣಿಸಿಕೊಂಡಿರುವರು. ಹೆಸರಾಂತ ತಾರೆಯರ ಆಡಂಬರವಿಲ್ಲದೆ, ಕರಾವಳಿಯ ರಂಗಭೂಮಿಯ ನಟರನ್ನೇ ಹೆಚ್ಚಾಗಿ ಕಟ್ಟಿಕೊಂಡು, ಅಲ್ಪ ವೆಚ್ಚದಲ್ಲಿ ತಯಾರಾದ ಈ ಪಟವು ನೂರು ಕೋಟಿ ರೂಪಾಯಿಗೂ ಮಿಕ್ಕಿ ಗಳಿಸಿತೆಂದು ಪತ್ರಿಕೆಗಳು ಸಾರಿದವು. ಗಳಿಕೆಯು ಗುಣಕ್ಕೆ ಪ್ರಮಾಣವಲ್ಲ. ಆದರೂ ಇಷ್ಟು ಜನ ಒಟ್ಟಾಗಿ ಒಂದು ಪ್ರೇತವನ್ನು ನೋಡಿ ನಕ್ಕರೆಂಬುದು ವಿಚಾರಕ್ಕೆ ಅರ್ಹವಾದ ಸಂಗತಿ.

ಕಥೆಯು ಸರಳವಾದುದು. ಕಡಲ ದಂಡೆಯ ಮರ್ಲೂರೆಂಬ ಹಳ್ಳಿ. ಅಲ್ಲಿ ಅಶೋಕನೆಂಬ ಉಡಾಳ ತರುಣನೊಬ್ಬನು ಹೆಣ್ಣಿನ ಮೋಹದಲ್ಲಿ ರಾತ್ರಿಯ ಹೊತ್ತು ಹೋಗಬಾರದ ಕಡೆಗೆ ಹೋಗಿ ಸಿಕ್ಕಿಬೀಳುತ್ತಾನೆ. ಮಾನ ಹೋಗುವುದೆಂಬ ದಿಗಿಲಿನಲ್ಲಿ, ಮೈಮೇಲೆ ಏನೋ ಬಂದಿರುವಂತೆ ನಟಿಸುತ್ತಾನೆ. ಊರು ನಂಬುತ್ತದೆ. ನಂಬಿದ ಊರಿಗೆ ಪ್ರೇತದ ಹೆಸರು ಬೇಕು, ಊರು ಬೇಕು. ಹಾಗೆ ಹುಟ್ಟಿದವಳು ಸೋಮೇಶ್ವರದ ಸುಲೋಚನೆ. ಊರಿಗೆಲ್ಲ ದೊಡ್ಡಣ್ಣನಂತಿರುವ ರವಿಯಣ್ಣನು ಮುಂದಾಳಾಗುತ್ತಾನೆ, ಗುರೂಜಿಯು ಬರುತ್ತಾನೆ, ಸುಳ್ಳಿಗೆ ಕೈಕಾಲು ಬಲಿಯುತ್ತವೆ. ಅಷ್ಟರಲ್ಲಿ ತಿಳಿದುಬರುವುದೇನೆಂದರೆ, ಸೋಮೇಶ್ವರದಲ್ಲಿ ಸುಲೋಚನೆಯೆಂಬ ಹೆಂಗಸೊಬ್ಬಳು ನಿಜವಾಗಿಯೂ ಇದ್ದಳು, ತೀರಿಕೊಂಡಿದ್ದಾಳೆ, ಅವಳಿಗೆ ಭಾನುವೆಂಬ ಮಗಳಿದ್ದಾಳೆ, ಆ ಮಗಳು ತನ್ನವರೆನಿಸಿಕೊಂಡವರಿಂದಲೇ ಸಂಕಟಪಡುತ್ತಿದ್ದಾಳೆ. ಅಲ್ಲಿಂದ ಮುಂದೆ ಸುಳ್ಳು ಪ್ರೇತವು ನಿಜವಾದ ಮಗಳ ಕೆಲಸಕ್ಕೆ ನಿಲ್ಲಬೇಕಾಗುತ್ತದೆ.

ರಸದೃಷ್ಟಿಯಿಂದ ನೋಡಿದರೆ ಪೂರ್ವಾರ್ಧದಲ್ಲಿರುವುದು ಭಯಾನಕವಲ್ಲ, ಭಯಾನಕಾಭಾಸ. ಹಾಸ್ಯವು ಶೃಂಗಾರದ ಅನುಕರಣದಿಂದ ಹುಟ್ಟುವುದೆಂದು ಭರತನು ಹೇಳಿದುದನ್ನು ಅಭಿನವಗುಪ್ತನು ವಿಸ್ತರಿಸಿ, ಯಾವ ರಸವೇ ಆಗಲಿ ಆಭಾಸವಾದೊಡನೆ ಹಾಸ್ಯಕ್ಕೆ ತಿರುಗಬಲ್ಲುದೆಂದು ತೋರಿಸಿದನು. ನೋಡುವವನಿಗೆ ಅಶೋಕನ ಆವೇಶವು ಹುಸಿಯೆಂದು ಮೊದಲಿನಿಂದಲೇ ತಿಳಿದಿರುತ್ತದೆ, ಊರಿನವರಿಗೆ ತಿಳಿದಿಲ್ಲ. ಈ ಎರಡು ತಿಳಿವಳಿಕೆಗಳ ನಡುವಣ ಅಂತರವೇ ನಗೆಯ ತವರು. ಆದಕಾರಣ ಕತ್ತಲೆಯಲ್ಲಿ ಬಾಗಿಲು ಕಿರ್ರೆನ್ನುವುದು, ಬಿಳಿಸೀರೆಯು ಸುಳಿಯುವುದು ಮುಂತಾದ ಹಳಸಿದ ಸಾಮಗ್ರಿಯನ್ನು ಈ ಚಿತ್ರವು ನೆಚ್ಚಿಕೊಳ್ಳಬೇಕಾಗಿಲ್ಲ. ಅದು ತೋರಿಸುವುದು ಪ್ರೇತವನ್ನಲ್ಲ, ಪ್ರೇತವನ್ನು ಕಂಡೆನೆನ್ನುವವರ ಮುಖಗಳನ್ನು. ಮುನಿಯು ಸ್ವಾಭಾವಿಕವಾದ ಭಯವನ್ನು ಸ್ತ್ರೀಯರಿಗೂ ನೀಚಪ್ರಕೃತಿಯವರಿಗೂ ವಿಧಿಸಿದನು. ಇಲ್ಲಿ ನಡುಗುವವರು ಮೀಸೆ ಹೊತ್ತ ಗಂಡಸರು! ಶಾಸ್ತ್ರಕಾರನ ಕಾಲದಿಂದ ಈಚೆಗೆ ಲೋಕಾನುಭವವು ಇಷ್ಟುಮಟ್ಟಿಗಾದರೂ ಮುಂದುವರಿದಿರುವುದು ಸಂತೋಷದ ವಿಷಯ.

ಮರಣೋತ್ತರ ವಿಚಾರವನ್ನು ನಗೆಗೆ ತರುವುದು ಅಪಚಾರವೆಂದು ಕೆಲವು ಮನೆಗಳಲ್ಲಿ ಅಭಿಪ್ರಾಯವುಂಟು. ಅಂಥವರು ಏಳನೆಯ ಶತಮಾನದ ಸುಮಾರಿನ ‘ಭಗವದಜ್ಜುಕ’ವೆಂಬ ಪ್ರಹಸನವನ್ನು ನೆನೆಯಬೇಕು. ಬೋಧಾಯನನದೆಂದು ಕೆಲವರು, ಪಲ್ಲವ ಮಹೇಂದ್ರವರ್ಮನದೆಂದು ಕೆಲವರು ಹೇಳುವ ಈ ರೂಪಕದಲ್ಲಿ ಯಮದೂತನು ವಸಂತಸೇನೆಯೆಂಬ ಗಣಿಕೆಯ ಪ್ರಾಣವನ್ನು ಹಾವಿನ ನೆವದಿಂದ ಒಯ್ಯುತ್ತಾನೆ. ಶಿಷ್ಯನಿಗೆ ಯೋಗದ ಮಹಿಮೆಯನ್ನು ತೋರಿಸಲು ಸಂನ್ಯಾಸಿಯು ಆ ಶವವನ್ನು ಹೊಗುತ್ತಾನೆ. ಅತ್ತ ಯಮಪುರಿಯಲ್ಲಿ ತಿಳಿಯುವುದು: ಕರೆತರಬೇಕಾಗಿದ್ದ ವಸಂತಸೇನೆಯೇ ಬೇರೆ! ಹಿಂದಿರುಗಿದ ದೂತನು ದೇಹದಲ್ಲಿ ಸ್ಥಳವಿಲ್ಲದುದನ್ನು ಕಂಡು ಗಣಿಕೆಯ ಜೀವವನ್ನು ಸಂನ್ಯಾಸಿಯ ಕಾಯದಲ್ಲಿ ಇಟ್ಟುಬಿಡುತ್ತಾನೆ. ಗಣಿಕೆಯು ವೇದಾಂತವನ್ನು ನುಡಿಯುವುದು, ಸಂನ್ಯಾಸಿಯು ವೈಯಾರಮಾಡುವುದು, ವಿಷವೈದ್ಯನು ಕಕ್ಕಾವಿಕ್ಕಿಯಾಗುವುದು. ಕೇರಳದ ಕೂಡಿಯಾಟ್ಟದವರು ಇದನ್ನು ಆಡಿಕೊಂಡು ಬಂದಿರುವರು. ಆದರೆ ಇಷ್ಟು ನಗೆಯ ನಡುವೆ, ಮಗಳ ಶವದ ಮುಂದೆ ಬಂದು ನಿಂತ ತಾಯಿಯೊಬ್ಬಳಿದ್ದಾಳೆ. ಬದುಕಿದ ಮಗಳು ತಾಯನ್ನು ಗುರುತಿಸದೆ ದೂರಸರಿಸಿದಾಗ ನಗುವವನ ಗಂಟಲಲ್ಲಿ ಏನೋ ತಡೆಯುತ್ತದೆ. ಹೆಸರಿನ ಗೊಂದಲದಿಂದ ಹುಟ್ಟಿದ ಪರಲೋಕಪ್ರಮಾದವು ಭಾರತೀಯ ರಂಗಕ್ಕೆ ಹೊಸದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಪಾಶ್ಚಾತ್ಯರಲ್ಲಿಯೂ ಇದೇ ಜಾಡುಂಟು. ೧೯೮೮ರಲ್ಲಿ ಟಿಮ್ ಬರ್ಟನ್ನನು ತೆಗೆದ ‘ಬೀಟಲ್‌ಜೂಸ್’ ಎಂಬ ಚಿತ್ರದಲ್ಲಿ ಸತ್ತವರು ಸರ್ಕಾರಿ ಕಛೇರಿಯಂಥ ಒಂದು ಕೊಠಡಿಯಲ್ಲಿ, ಸರದಿಯ ಚೀಟಿಯನ್ನು ಹಿಡಿದು ಕಾಯುತ್ತ ಕುಳಿತಿರುತ್ತಾರೆ. ಚಿತ್ರಗುಪ್ತನ ಲೆಕ್ಕದ ಪುಸ್ತಕವನ್ನು ಬಲ್ಲ ಈ ದೇಶದವರಿಗೆ ಅದು ಹೊಸ ಕಲ್ಪನೆಯೆನಿಸದು. ತುಮಿನಾಡರ ಚಿತ್ರವು ಬೇರೆಯಾಗುವುದು ಇಲ್ಲಿಯೇ. ಅದರಲ್ಲಿ ಯಮನ ಕಛೇರಿಯಿಲ್ಲ, ದೂತನಿಲ್ಲ, ವೈತರಣಿಯಿಲ್ಲ. ಪರಲೋಕವೆಂಬುದು ಊರವರ ಬಾಯಿಯಲ್ಲಿದೆ. ಸತ್ತವಳು ಎಲ್ಲಿದ್ದಾಳೆಂದರೆ, ನಾಲ್ಕು ಜನ ಸೇರಿ ಅವಳ ವಿಷಯವಾಗಿ ಮಾತನಾಡುವಲ್ಲಿ ಇದ್ದಾಳೆ.

ಚಿತ್ರದ ಹೆಸರನ್ನೇ ಪರಿಶೀಲಿಸಬಹುದು. ಅದೊಂದು ಹೆಸರು, ಒಂದು ಊರು. ಎರಡನ್ನೂ ಮೊದಲಕ್ಷರಕ್ಕೆ ಕತ್ತರಿಸಿ ನಡುವೆ ಇಂಗ್ಲಿಷಿನ ಬೆಸುಗೆ ಹಾಕಿದೆ. ಶ್ರಾದ್ಧದ ಮನೆಯಲ್ಲಿ ಕುಳಿತವರಿಗೆ ಇದರ ವ್ಯಂಗ್ಯವು ಕೂಡಲೆ ಹೊಳೆಯುವುದು. ಅಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಮಾರುಗಳ ನಾಮಗೋತ್ರಗಳನ್ನು ಪೂರ್ತಿಯಾಗಿ ಉಚ್ಚರಿಸಬೇಕು. ಪ್ರೇತವೆಂದರೆ ಮುಂದಕ್ಕೆ ಹೊರಟದ್ದು ಎಂದಷ್ಟೆ ಅರ್ಥ. ಹತ್ತು ದಿನಗಳ ಪಿಂಡದಿಂದ ಅದಕ್ಕೆ ಒಂದೊಂದಾಗಿ ಅವಯವಗಳು ಕೂಡುವುವೆಂದೂ, ಸಪಿಂಡೀಕರಣದಲ್ಲಿ ಅದು ಪಿತೃಗಳ ಸಾಲಿಗೆ ಸೇರುವುದೆಂದೂ ಗರುಡಪುರಾಣವು ಹೇಳುತ್ತದೆ. ಹೊರಟು ದಾರಿಯಲ್ಲಿ ನಿಂತವರೇ ಪ್ರೇತ; ತಲುಪಿದವರು ಪಿತೃಗಳು. ಭೂತವೆಂಬ ಶಬ್ದವಾದರೂ ‘ಆಗಿಹೋದದ್ದು’ ಎಂಬ ಅರ್ಥದ್ದು. ವ್ಯಾಕರಣದ ಭೂತಕಾಲವೂ ಸ್ಮಶಾನದ ಭೂತವೂ ಒಂದೇ ಧಾತುವಿನ ಮಕ್ಕಳು. ಹೀಗಿರಲು, ಹೆಸರನ್ನು ಒಂದು ಅಕ್ಷರಕ್ಕಿಳಿಸಿದಾಗ ಅದು ನಗೆಯ ಪ್ರೇತವಾಗುತ್ತದೆ. ಆ ಅಕ್ಷರವು ಬೆಳೆದು ಸುಲೋಚನೆಯೆಂದಾಗಿ, ಅವಳಿಗೆ ಮನೆಯೂ ಮಗಳೂ ಇರುವುದು ತಿಳಿದಾಗ ಚಿತ್ರಗೃಹವು ಸದ್ದಿಲ್ಲದಂತಾಗುತ್ತದೆ. ಪ್ರಮಥರ ಕೈಯಿಂದ ಯಮನ ಕೈಗೆ ಕಥೆಯು ದಾಟುವುದು ಈ ಕ್ಷಣದಲ್ಲಿ. ಚಿತ್ರದ ಅತ್ಯಂತ ಶ್ರೇಷ್ಠವಾದ ಭಾಗವು ಇದೇ ಎನ್ನದೆ ವಿಧಿಯಿಲ್ಲ. ಸು-ಲೋಚನೆ, ಒಳ್ಳೆಯ ಕಣ್ಣುಳ್ಳವಳು. ಕದ್ದ ನೋಟದಿಂದ ಆರಂಭವಾದ ಪ್ರಮಾದಕ್ಕೆ ಈ ಹೆಸರು ಬಂದು ಸೇರಿದುದು ಕವಿಯ ಉದ್ದೇಶವೋ ಕಾಕತಾಳೀಯವೋ ಹೇಳಲಾಗದು, ಹೇಗಿದ್ದರೂ ಉಚಿತವಾಗಿದೆ.

ಘಟ್ಟದ ಮೇಲಣ ಈ ಸೀಮೆಯಲ್ಲಿ ಆ ಕ್ಷಣವು ತಟ್ಟುವ ರೀತಿಯೇ ಬೇರೆ. ಸತ್ತವರೊಡನೆ ಇಷ್ಟು ಬಗೆಯಾಗಿ ಬಾಳುವ ನಾಲ್ಕು ತಾಲೂಕುಗಳು ನಾಡಿನಲ್ಲಿ ಮತ್ತೆಲ್ಲಿಯೂ ಒಟ್ಟಿಗೆ ದೊರೆಯುವುದು ಕಷ್ಟ. ಜೋಯಿಡಾ ತಾಲೂಕಿನ ಉಳವಿಯಲ್ಲಿ ಚನ್ನಬಸವಣ್ಣನವರ ಸಮಾಧಿಯುಂಟು. ಧಾರವಾಡ ಬೆಳಗಾವಿಗಳ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಜಾತ್ರೆಗೆ ಬರುವ ಭಕ್ತರಿಗೆ ಅಲ್ಲಿರುವುದು ಐಕ್ಯ, ಪ್ರೇತವೆಂಬ ನಡುದಾರಿಯ ಮಾತೇ ಇಲ್ಲ. ಹಳಿಯಾಳ, ಮುಂಡಗೋಡಗಳ ಕಾಡಿನಂಚಿನ ಸಿದ್ದಿಯರಲ್ಲಿ ಹಿಂದುಗಳುಂಟು, ಕ್ರೈಸ್ತರುಂಟು, ಮುಸಲ್ಮಾನರುಂಟು. ಆದರೆ ಹಿರಿಯರನ್ನು ಮನೆಗೆ ಕರೆದು ನಡೆದುಕೊಳ್ಳುವ ಪದ್ಧತಿಯು ಮತಭೇದಕ್ಕೆ ಸಿಕ್ಕದೆ ಅವರಲ್ಲಿ ಉಳಿದುಬಂದಿದೆ. ಮಹಾಲಯದ ದಿನಗಳಲ್ಲಿ ಒಕ್ಕಲುಮನೆಗಳಲ್ಲಿ ಹಿರಿಯರಿಗೆ ಎಡೆಯಿಟ್ಟು ಕಾಗೆಯ ದಾರಿ ಕಾಯುವುದು ಎಲ್ಲರೂ ಬಲ್ಲದ್ದು. ೧೯೬೬ರಲ್ಲಿ ಮುಂಡಗೋಡಿನ ಬಳಿ ನೆಲೆಸಿದ ಟಿಬೇಟಿನವರು ಮರಣಕ್ಕೂ ಮರುಹುಟ್ಟಿಗೂ ನಡುವೆ ನಾಲ್ವತ್ತೊಂಬತ್ತು ದಿನಗಳ ಅವಧಿಯನ್ನು ಹೇಳುತ್ತಾರೆ. ಅಲ್ಲಿನ ಡ್ರೆಪುಂಗ್ ಲೋಸೆಲಿಂಗ್ ವಿಹಾರದ ಭಿಕ್ಷುಗಳು ದೇಶಾಂತರಗಳಲ್ಲಿ ಪ್ರದರ್ಶಿಸುವ ನೃತ್ಯಗಳಲ್ಲಿ ಸ್ಮಶಾನದ ಒಡೆಯರೆಂಬ ಅಸ್ಥಿಪಂಜರಗಳ ಕುಣಿತವೂ ಒಂದು. ತಲೆಬುರುಡೆಯ ಮುಖವಾಡವು ಹಲ್ಲುಕಿರಿದು ನಿಂತಾಗ ಅದು ಹೆದರಿಸುತ್ತಿದೆಯೋ ನಗುತ್ತಿದೆಯೋ ನಿರ್ಣಯಿಸಲಾಗದು. ಭರತನ ಪ್ರಮಥರು ಹಿಮಾಲಯವನ್ನು ಸುತ್ತಿ ಮುಂಡಗೋಡಿಗೆ ಬಂದಂತಿದೆ.

ಸೂಪಾ ಎಂಬ ಊರಿನ ವಿಚಾರವನ್ನು ಇಲ್ಲಿ ಹೇಳದೆ ಮುಂದುವರಿಯಲಾಗದು. ಕಾಳಿನದಿಗೆ ಅಣೆಕಟ್ಟು ಕಟ್ಟಿದಾಗ ಆ ತಾಲೂಕಿನ ಮುಖ್ಯಸ್ಥಳವೇ ನೀರಿನಡಿಗೆ ಹೋಯಿತು. ಮುಖ್ಯಸ್ಥಳವು ಜೋಯಿಡಾಕ್ಕೆ ಬಂದಿತು, ಸೂಪಾ ಎಂಬ ಹೆಸರು ಅಣೆಕಟ್ಟಿಗೆ ಉಳಿಯಿತು. ‘ಇಂಥ ಊರಿನ ಇಂಥವಳು’ ಎಂದು ಸತ್ತವರನ್ನು ಗುರುತಿಸುವುದಾದರೆ, ಊರೇ ಇಲ್ಲದವರ ಹಿರಿಯರನ್ನು ಗುರುತಿಸುವುದು ಹೇಗೆ? ಪ್ರೇತಕ್ಕೆ ವಿಳಾಸ ಕೇಳುವ ಮರ್ಲೂರಿನವರ ಪ್ರಶ್ನೆಯು ಸೂಪಾದಿಂದೆದ್ದು ಬಂದ ಮನೆಗಳ ಮುದುಕರ ಕಿವಿಯಲ್ಲಿ ಬರಿಯ ವಿನೋದವಾಗಿ ನಿಲ್ಲಲಾರದು.

ಇನ್ನೊಂದು ವಿಷಯವನ್ನು ವಿಮರ್ಶಕರು ಅಷ್ಟಾಗಿ ಎತ್ತಿಲ್ಲವೆಂದು ತೋರುತ್ತದೆ. ಇಲ್ಲಿ ಆವೇಶ ಬಂದವನು ಗಂಡಸು. ೧೯೭೯ರ ‘ನಾ ನಿನ್ನ ಬಿಡಲಾರೆ’ ಎಂಬ ಚಿತ್ರದಲ್ಲಿಯೂ ಹೆಣ್ಣುಪ್ರೇತವು ಗಂಡಸಿನ ಮೈಮೇಲೆಯೇ ಬಂದಿತ್ತು. ಅಲ್ಲಿ ಕಾಮಿನಿಯು ನಿಜವಾದ ಪ್ರೇತ, ಅನಂತನಾಗರು ಅವಳನ್ನು ಹೊತ್ತು ನಡುಗಿಸಿದರು, ಕೊನೆಗೆ ಮಂತ್ರಾಲಯದ ಗುರುಗಳ ಅನುಗ್ರಹದಿಂದ ಬಿಡುಗಡೆಯಾಯಿತು. ನಾಲ್ವತ್ತಾರು ವರ್ಷಗಳಲ್ಲಿ ಗುರುಗಳ ಸ್ಥಾನಕ್ಕೆ ಕರುಣಾಕರ ಗುರೂಜಿಯು ಬಂದಿರುವುದು ಕಾಲಮಹಿಮೆ! ಅದಿರಲಿ. ಊರುಗಳಲ್ಲಿ ದೆವ್ವ ಬಡಿಯಿತೆಂದು ಕೂರಿಸಲ್ಪಡುವವರು ಸಾಮಾನ್ಯವಾಗಿ ಹೆಂಗಸರು. ಅತ್ತೆಯ ಮನೆಯಲ್ಲಿ ಬೆಂದ ಸೊಸೆಯರು, ಮಕ್ಕಳಾಗದವರು, ಎಳೆಯ ವಿಧವೆಯರು. ಅವರಿಗೆ ಬೇವಿನ ಬರಲು, ಮೆಣಸಿನಕಾಯಿಯ ಹೊಗೆ, ಹಗ್ಗದ ಕಟ್ಟು. ದೆವ್ವ ಬಿಡಿಸುವ ನೆವದಲ್ಲಿ ಕಟ್ಟುವುದು, ಹೊಡೆಯುವುದು, ಹೊಗೆ ಹಾಕುವುದು ಮೊದಲಾದುವನ್ನು ನಿಷೇಧಿಸಿ ಕರ್ನಾಟಕ ಸರ್ಕಾರವು ೨೦೧೭ರಲ್ಲಿ ಕಾಯಿದೆಯನ್ನು ಮಾಡಬೇಕಾಯಿತು. ಅದು ೨೦೨೦ರ ಜನವರಿಯಲ್ಲಿ ಜಾರಿಗೆ ಬಂದಿತು. ಅಶೋಕನ ಸ್ಥಾನದಲ್ಲಿ ಒಬ್ಬ ಹುಡುಗಿಯಿದ್ದಿದ್ದರೆ ಅದೇ ಗುರೂಜಿಯನ್ನು, ಅದೇ ಗುಂಪನ್ನು ನೋಡಿ ಯಾರಿಗೆ ನಗು ಬರುತ್ತಿತ್ತು? ನೋವಿಲ್ಲದ, ನಾಶಕ್ಕೊಯ್ಯದ ಕುಂದೇ ಹಾಸ್ಯಕ್ಕೆ ವಿಷಯವೆಂದು ಗ್ರೀಕರ ಅರಿಸ್ಟಾಟಲನು ಹೇಳಿದ್ದಾನೆ. ಗಂಡಸಿಗೆ, ಅದೂ ಸುಳ್ಳುಗಾರನಿಗೆ ಪ್ರೇತವನ್ನು ಹೊರಿಸಿ ನಿರ್ದೇಶಕರು ನೋವನ್ನು ಮರೆಮಾಡಿದರು. ಆದುದರಿಂದಲೇ ನಗೆಯು ನಿರ್ಮಲವಾಯಿತು. ಆದರೆ ಮರೆಮಾಡಿದ ನೋವು ಹೋಗಿಬಿಡಲಿಲ್ಲ. ಭಾನುವಿನ ಮನೆಯ ಹೊಸ್ತಿಲಲ್ಲಿ ಅದು ಕಾದುಕೊಂಡು ಕುಳಿತಿತ್ತು. ಬದುಕಿರುವ ಹೆಣ್ಣಿನ ಮಾತನ್ನು ಕೇಳದವರು ಸತ್ತ ಹೆಣ್ಣಿನ ಮಾತಿಗೆ ಹೆದರುತ್ತಾರೆ. ಮಗಳ ಅಳುವಿಗೆ ಕದಲದ ಬಂಧುಗಳೆದುರು ತಾಯಿಯ ಪ್ರೇತವೇ ಬೇಕಾಗುತ್ತದೆ, ಅದೂ ಗಂಡಸೊಬ್ಬನ ಗಂಟಲಿನಲ್ಲಿ. ಹಾಸ್ಯದ ಹೊದಿಕೆಯಲ್ಲಿ ಇಷ್ಟು ಕಠೋರವಾದ ಸತ್ಯವನ್ನು ಒಳಗೆ ತಂದಿರುವುದು ಈ ಚಿತ್ರದ ಪುರುಷಾರ್ಥ.

ಎಡವಿದುದೆಲ್ಲಿ ಎಂಬುದನ್ನೂ ಹೇಳಬೇಕು. ಕರುಣದ ಹೊಸ್ತಿಲನ್ನು ದಾಟಿದ ಮೇಲೆ ಹಾಸ್ಯವು ತುಸು ಹಿಂದೆ ಸರಿದು ನಿಲ್ಲಬೇಕಾಗಿತ್ತು. ಹಾಗೆ ನಿಲ್ಲದೆ, ಚಪ್ಪಾಳೆ ಬಿದ್ದ ನಗೆಯನ್ನೇ ಮತ್ತೆ ಮತ್ತೆ ಕರೆಯುವ ಚಪಲವು ಉತ್ತರಾರ್ಧದಲ್ಲಿ ಕಾಣಬರುತ್ತದೆ. ಗುರೂಜಿಯ ಪಾತ್ರವು ರಂಜಕವೇನೋ ಹೌದು. ರಾಜ್ ಶೆಟ್ಟಿಯವರು ಕಣ್ಣನ್ನು ಸ್ವಲ್ಪ ಅರಳಿಸಿದರೆ ಸಾಕು, ಸಭೆಯು ನಗುತ್ತದೆ. ಆದರೆ ಮಂತ್ರವಾದದ ಮೋಸವನ್ನು ಅಷ್ಟು ಮುದ್ದಾಗಿ ತೋರಿಸಿದರೆ, ಅಂಥವರ ಕೈಯಲ್ಲಿ ಹಣವನ್ನೂ ಮಗಳನ್ನೂ ಕೊಟ್ಟು ಕೆಟ್ಟ ಮನೆಗಳಿಗೆ ಸಲ್ಲಬೇಕಾದ ನ್ಯಾಯವು ಸಂದಂತಾಗುವುದಿಲ್ಲ. ಇದಕ್ಕಿಂತ ದೊಡ್ಡ ಕೊರತೆಯು ಸುಲೋಚನೆಯದೇ. ಮಗಳಿಗೆ ದಾರಿ ತೋರುವ ಆತುರದಲ್ಲಿ ಕಥೆಯು ತಾಯಿಯನ್ನು ಮರೆಯುತ್ತದೆ. ಅವಳು ಹೇಗೆ ಬದುಕಿದ್ದಳು, ಏನನ್ನು ನುಂಗಿಕೊಂಡಳು, ಕೊನೆಗೆ ಮನಸ್ಸಿನಲ್ಲಿ ಏನಿತ್ತು? ಮೈಮೇಲೆ ಬಂದುದನ್ನು ‘ನೀನಾರು, ನಿನಗೇನು ಬೇಕು’ ಎಂದು ಕೇಳುವುದು ಎಲ್ಲ ಊರುಗಳ ವಾಡಿಕೆ. ಚಿತ್ರವು ಮೊದಲ ಪ್ರಶ್ನೆಗೆ ಎರಡು ಗಂಟೆಗಳ ಉತ್ತರವನ್ನು ಕೊಡುತ್ತದೆ. ಎರಡನೆಯದಕ್ಕೆ ಮಗಳ ಮೂಲಕ ಊಹಿಸಿದ ಉತ್ತರವಷ್ಟೆ. ‘ಭಗವದಜ್ಜುಕ’ದ ಕರ್ತನು ಕಡೆಯಲ್ಲಿ ಜೀವಗಳನ್ನು ತಂತಮ್ಮ ದೇಹಗಳಿಗೆ ಸೇರಿಸಿ ಎಲ್ಲರ ಲೆಕ್ಕವನ್ನೂ ತೀರಿಸಿದನು. ಇಲ್ಲಿ ಅಶೋಕನು ಸುಲೋಚನೆಯನ್ನು ಹೊತ್ತು ನಡೆದನಾದರೂ, ಅವಳು ಅವನಿಗೆ ವೇಷವಾದಳೇ ಹೊರತು ಹೆಂಗಸಾಗಲಿಲ್ಲ. ವಿಕ್ರಮನ ಹೆಗಲೇರಿದ ಬೇತಾಳವು ಕಥೆಗಳನ್ನಾದರೂ ಹೇಳಿತು!

ಭಾಷೆಯ ವಿಷಯವಾಗಿ ಎರಡು ಮಾತು. ಮಾತುಗಳೆಲ್ಲ ಮಂಗಳೂರು ಕಡೆಯ ಕನ್ನಡದಲ್ಲಿವೆ. ನಟರು ಅದನ್ನು ಸ್ವಂತ ಮನೆಯ ಮಾತಿನಂತೆ, ಕೃತ್ರಿಮವಿಲ್ಲದೆ ಆಡಿದ್ದಾರೆ. ಧಾರವಾಡದ ಧಾಟಿಗೆ ಕಿವಿ ಹೊಂದಿಸಿಕೊಂಡ ಹಳಿಯಾಳದವರಿಗೂ, ಮನೆಯಲ್ಲಿ ಕೊಂಕಣಿಯಾಡುವ ಜೋಯಿಡಾದವರಿಗೂ ಮೊದಲ ಕಾಲುಗಂಟೆಯಲ್ಲಿ ಕೆಲವು ಮಾತುಗಳು ಕೈತಪ್ಪಿಹೋಗುವುವು. ಊರಿನ ಹೆಸರಿನಲ್ಲಿಯೇ ಒಂದು ಚೇಷ್ಟೆಯಿದೆ: ತುಳುವಿನಲ್ಲಿ ‘ಮರ್ಲ್’ ಎಂದರೆ ಹುಚ್ಚು. ಇದನ್ನು ತಿಳಿದು ಕುಳಿತರೆ ನಗೆಯು ಮೊದಲ ದೃಶ್ಯದಿಂದಲೇ ಆರಂಭವಾಗುವುದು. ಭೀಕರವಾದ ದೃಶ್ಯಗಳಿಲ್ಲದುದರಿಂದ ಮನೆಮಂದಿಯೆಲ್ಲ ಕೂಡಿ ನೋಡಬಹುದು. ಭಾನುವಿನ ಸಂಕಟದ ಭಾಗವು ಬಂದಾಗ ಮಕ್ಕಳು ಪ್ರಶ್ನೆ ಕೇಳಿದರೆ, ಹಿರಿಯರು ಉತ್ತರವನ್ನು ಸಿದ್ಧಮಾಡಿಟ್ಟುಕೊಂಡಿರುವುದು ಒಳಿತು.